ನೊಂದವರ ಕೈಗೂ ಲೇಖನಿ

ತರಗತಿಯಲ್ಲಿ ಹೇಳಿದ ಮಾತಿನಿಂದ ಯಾರಿಗಾದರೂ ನೋವಾದರೆ ಏನು ಮಾಡಬೇಕು? ವಿಶ್ವವಿದ್ಯಾಲಯಗಳನ್ನು ಕಾಡುತ್ತಿರುವ ಈ ಪ್ರಶ್ನೆಗೆ ಹಾಸನ ಜಿಲ್ಲೆಯ ನಾಲ್ಕು ಊರುಗಳ ಚರಿತ್ರೆಯಲ್ಲಿ ನಾಲ್ಕು ಬಗೆಯ ಉತ್ತರಗಳಿವೆ.

ಮೊದಲನೆಯದು ಹೊಳೆನರಸೀಪುರದ್ದು. ಅಲ್ಲಿನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು ಸಂನ್ಯಾಸಕ್ಕೆ ಮೊದಲು ವೈ. ಸುಬ್ಬರಾಯರಾಗಿದ್ದಾಗ, 1929ರಲ್ಲಿ, ‘ಮೂಲಾವಿದ್ಯಾನಿರಾಸ’ವೆಂಬ ಸಂಸ್ಕೃತ ಗ್ರಂಥ ಪ್ರಕಟಿಸಿದರು. ನೂರಾರು ವರ್ಷಗಳಿಂದ ಅದ್ವೈತಿಗಳು ಪಾಠ ಹೇಳಿಕೊಂಡು ಬಂದಿದ್ದ ‘ಮೂಲಾವಿದ್ಯೆ’ಯ ಕಲ್ಪನೆ ಶಂಕರರದ್ದೇ ಅಲ್ಲ, ಅದು ನಂತರದ ವ್ಯಾಖ್ಯಾನಕಾರರು ಸೇರಿಸಿದ್ದು ಎಂಬುದು ಅವರ ವಾದ. ಗುರುಪರಂಪರೆಯನ್ನೇ ಪ್ರಶ್ನಿಸಿದಂತಾಯಿತು. ಪಂಡಿತರು ಸಿಟ್ಟಾದರು, ಆದರೆ ಖಂಡನೆ ಬರೆದರು. ಇವರೂ 1975ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ವಾದವನ್ನು ಬರೆಯುತ್ತಲೇ ಹೋದರು. ಇಂದು ಶಂಕರರನ್ನು ಓದುವ ವಿದ್ವಾಂಸರು ಒಪ್ಪಲಿ ಬಿಡಲಿ, ಈ ಚರ್ಚೆಯನ್ನು ದಾಟಿಯೇ ಹೋಗಬೇಕು.

ಅರಕಲಗೂಡು ಅ.ನ. ಕೃಷ್ಣರಾಯರ ಹೆಸರಿನ ಮೊದಲಕ್ಷರದಲ್ಲಿದೆ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ಅವರು ವೇಶ್ಯೆಯರ ಬದುಕನ್ನು ತಂದಾಗ ಅಶ್ಲೀಲವೆಂಬ ಕೂಗೆದ್ದಿತು. ಅನಕೃ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಇಲ್ಲಿಯೂ ಬೈಗುಳ ವಿಮರ್ಶೆಗೆ ದಾರಿಯಾಯಿತು.

ಚನ್ನರಾಯಪಟ್ಟಣದ ಕಥೆ ಬೇರೆ. ಆ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ದೆಹಲಿಯ ಎನ್‌ಸಿಇಆರ್‌ಟಿಯಲ್ಲಿದ್ದಾಗ, ಶಿಕ್ಷಣದ ಮೂಲಕ ರಾಷ್ಟ್ರೀಯ ಭಾವೈಕ್ಯ ಬೆಳೆಸಲು ಜಿ. ಪಾರ್ಥಸಾರಥಿಯವರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿಯ ಸದಸ್ಯರಾಗಿದ್ದರು. ದೇವಾಲಯಗಳ ನಾಶದಂಥ ಸಂಗತಿಗಳನ್ನು ಪಠ್ಯದಿಂದ ಬಿಡಬೇಕೆಂಬುದನ್ನು ತಾವು ವಿರೋಧಿಸಿದ್ದಾಗಿಯೂ, ಮುಂದೆ ಸಮಿತಿ ಪುನರ್ರಚನೆಯಾದಾಗ ತಮ್ಮ ಹೆಸರು ಇರಲಿಲ್ಲವೆಂದೂ ಅವರು ಬರೆದುಕೊಂಡಿದ್ದಾರೆ. ಅವರ ಇತಿಹಾಸದೃಷ್ಟಿಯನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. 2007ರಲ್ಲಿ ‘ಆವರಣ’ ಬಂದಾಗ ಅದನ್ನು ಕಟುವಾಗಿ ಟೀಕಿಸಿಯೂ ಬರೆದರು. ಕಾದಂಬರಿಗೆ ಸಿಕ್ಕ ಈ ಬಹಿರಂಗ ಎದುರುತ್ತರ ಸಮಿತಿಯ ಕೋಣೆಯಲ್ಲಿ ನಡೆದ ವಾದಕ್ಕೆ ಸಿಗಲಿಲ್ಲ. ಹೀಗೆ ಮುಚ್ಚಿದ ಬಾಗಿಲ ಹಿಂದೆ ಪಠ್ಯ ತೀರ್ಮಾನವಾದರೆ, ಓದುವ ಮಕ್ಕಳಿಗೆ ಎರಡೂ ಪಕ್ಷ ಕಾಣುವುದಿಲ್ಲ.

ಹಾಸನ ಪಟ್ಟಣದಲ್ಲಿ ಶಿಕ್ಷೆ ಮನೆಬಾಗಿಲಿಗೇ ಬಂತು. ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಮುಸ್ಲಿಂ ಹೆಂಗಸರಿಗೂ ಇದೆ ಎಂದದ್ದಕ್ಕೆ 2000ದಲ್ಲಿ ಬಾನು ಮುಷ್ತಾಕ್ ಕುಟುಂಬಕ್ಕೆ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ. ಚಾಕು ಹಿಡಿದು ಬಂದವನೂ ಇದ್ದ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಇನ್ನೊಂದು ದಿಕ್ಕಿನಿಂದ ಆಕ್ಷೇಪ ಎದ್ದು, ವಿಷಯ ನ್ಯಾಯಾಲಯದವರೆಗೆ ಹೋಯಿತು; ಅರ್ಜಿಗಳು ವಜಾ ಆದವು. ನೋಯುವ ಹಕ್ಕು ಯಾವ ಒಂದು ಪಂಗಡದ ಸ್ವತ್ತೂ ಅಲ್ಲ.

ಈ ನಾಲ್ವರೂ ಇಂದು ಒಂದೇ ತರಗತಿಯಲ್ಲಿ ಪಾಠವಾಗಬಲ್ಲರು. ಆದರೆ ತರಗತಿಗೂ ಪತ್ರಿಕೆಗೂ ಒಂದು ವ್ಯತ್ಯಾಸವಿದೆ. ಅನಕೃ ಅವರ ಕೈಯಲ್ಲೂ ಅವರನ್ನು ಬೈದವರ ಕೈಯಲ್ಲೂ ಲೇಖನಿ ಇತ್ತು. ತರಗತಿಯಲ್ಲಿ ಅಂಕ ಹಾಕುವ ಲೇಖನಿ ಮೇಷ್ಟರ ಕೈಯಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ‘ನನಗೆ ಹೇಳುವ ಸ್ವಾತಂತ್ರ್ಯವಿದೆ’ ಎಂದಷ್ಟೇ ಹೇಳಿ ಅಧ್ಯಾಪಕರು ಸುಮ್ಮನಾಗುವಂತಿಲ್ಲ. ಹಿಂದಿನ ಬೆಂಚಿನ ಹುಡುಗಿ ಎದ್ದುನಿಂತು ‘ಇದನ್ನು ನಾನು ಒಪ್ಪಲ್ಲ ಸರ್’ ಎಂದಾಗ ಅವಳ ಅಂಕ ಕಡಿಮೆಯಾಗಬಾರದು. ಅವಳ ಆಕ್ಷೇಪವೂ ಪಾಠದ ಭಾಗವಾಗಬೇಕು.

ಅಂಥ ಅವಕಾಶ ಇಲ್ಲದ ಕಡೆ ನೋವು ಪ್ರಾಂಶುಪಾಲರಿಗೆ ದೂರಾಗುತ್ತದೆ, ಗೇಟಿನ ಮುಂದೆ ಘೋಷಣೆಯಾಗುತ್ತದೆ. ಮರುವರ್ಷ ಅಧ್ಯಾಪಕರು ಆ ಪುಟವನ್ನೇ ಬಿಟ್ಟು ಪಾಠ ಮಾಡುತ್ತಾರೆ. ನಿಷೇಧದ ಆದೇಶವೇ ಇಲ್ಲದೆ ಒಂದು ಪುಸ್ತಕ ಇಲ್ಲವಾಗುವುದು ಹೀಗೆ. ಹೊಳೆನರಸೀಪುರದ ಸ್ವಾಮಿಗಳ ಪ್ರತಿವಾದಿಗಳು ಗ್ರಂಥವನ್ನು ಬಿಟ್ಟು ಮುಂದೆ ಹೋಗಲಿಲ್ಲ. ಪೂರ್ತಿ ಓದಿ, ಸಾಲು ಸಾಲಾಗಿ ಖಂಡಿಸಿದರು. ಖಂಡಿಸುವುದಕ್ಕಾದರೂ ಓದಲೇಬೇಕೆಂಬ ಆ ಹಳೆಯ ಶಿಸ್ತು ವಿಶ್ವವಿದ್ಯಾಲಯದ ಕನಿಷ್ಠ ನಿಯಮವಾಗಲಿ.