ಜೆಸಿಬಿ ಕರೆಸೋಕೆ ಮುಂಚೆ: ನೆಲದಡಿ ಕೇಬಲ್, ಪೈಪ್ ಎಲ್ಲಿದೆ ಅಂತ ಗುರುತು ಹಾಕಿಸೋದು ಹೇಗೆ?

ದಾವಣಗೆರೆ: ಅಂಗಡಿ ಮುಂದೆ ಬೋರ್ಡ್ ಕಂಬ ನಿಲ್ಲಿಸಬೇಕು. ಮನೆ ಪಕ್ಕ ಸಂಪ್ ತೋಡಿಸಬೇಕು. ಶೌಚಾಲಯದ ಗುಂಡಿ ತೆಗೆಸಬೇಕು. ಹೊಲದಲ್ಲಿ ಕೃಷಿ ಹೊಂಡ ಮಾಡಿಸಬೇಕು. ಕೆಲಸ ಯಾವುದೇ ಇರಲಿ, ಜನ ಮೊದಲು ಫೋನ್ ಮಾಡೋದು ಜೆಸಿಬಿಯವರಿಗೆ. ಅದಕ್ಕೂ ಮುಂಚೆ ಮಾಡಬೇಕಾದ ಮೂರ್ನಾಲ್ಕು ಫೋನ್ ಇವೆ. ಅವನ್ನ ಬಿಟ್ಟರೆ ಅರ್ಧ ಗಂಟೆ ಕೆಲಸಕ್ಕೆ ಇಡೀ ಬೀದಿ ಕತ್ತಲಾಗಬಹುದು, ಕುಡಿಯೋ ನೀರಿಗೆ ಚರಂಡಿ ನೀರು ಸೇರಬಹುದು, ಬಕೆಟ್ ಹತ್ತಿರ ನಿಂತ ಕೂಲಿಯಾಳಿನ ಜೀವಕ್ಕೇ ಕುತ್ತು ಬರಬಹುದು.

ಅಗೆಯೋ ಜಾಗದ ಕೆಳಗೆ ಏನಿದೆ ಅಂತ ಕೇಳಿ, ನೆಲದ ಮೇಲೆ ಗುರುತು ಹಾಕಿಸಿಕೊಳ್ಳೋದು ಹೇಗೆ, ಯಾರನ್ನ ಕೇಳಬೇಕು, ಅಕಸ್ಮಾತ್ ಏಟು ಬಿದ್ದರೆ ಏನು ಮಾಡಬೇಕು ಅನ್ನೋ ಮಾಹಿತಿ ಇಲ್ಲಿದೆ.

ಕೆಳಗೆ ಏನೇನಿದೆ?

ಹತ್ತು ಹದಿನೈದು ವರ್ಷದ ಹಿಂದೆ ಪೇಟೆ ರಸ್ತೆ ಅಗೆದರೆ ಸಿಗ್ತಿದ್ದದ್ದು ನೀರಿನ ಪೈಪು, ಟೆಲಿಫೋನ್ ಕೇಬಲ್ಲು, ಯುಜಿಡಿ ಕೊಳವೆ. ಈಗ ಹಾಗಿಲ್ಲ. ದಾವಣಗೆರೆ, ಹರಿಹರದಲ್ಲಿ ಜಲಸಿರಿ ಯೋಜನೆಯ ನೀರಿನ ಪೈಪ್ ಬಂದಿವೆ. ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್ ಪೈಪ್ ಮನೆ ಬಾಗಿಲ ತನಕ ಬಂದಿದೆ. ಮೊಬೈಲ್ ಕಂಪನಿಗಳ ಫೈಬರ್ ಇದೆ, ಪಂಚಾಯಿತಿಗೆ ಹೋಗೋ ಭಾರತ್‌ನೆಟ್ ಫೈಬರ್ ಇದೆ, ಕೆಲವು ಬಡಾವಣೆಗಳಲ್ಲಿ ಮನೆಗೆ ಅಡುಗೆ ಗ್ಯಾಸ್ ತರೋ ಪೈಪ್ ಇದೆ, ಬೆಸ್ಕಾಂನ ನೆಲದಡಿ ಕೇಬಲ್ ಇದೆ. ಇಷ್ಟೂ ಓಡೋದು ಬಹುತೇಕ ಒಂದೇ ಕಡೆ: ರಸ್ತೆ ಅಂಚು ಮತ್ತು ಅಂಗಡಿ ಮೆಟ್ಟಿಲ ನಡುವಿನ ನಾಲ್ಕೈದು ಅಡಿ ಜಾಗದಲ್ಲಿ. ಅಂಗಡಿಯವರು ಅಗೆಸೋದೂ ಅಲ್ಲೇ.

ಎಷ್ಟು ಆಳದಲ್ಲಿ ಇರುತ್ತೆ?

ನಿಯಮದ ಲೆಕ್ಕದಲ್ಲಿ ಹೀಗಿದೆ. ವಿದ್ಯುತ್ ಕೇಬಲ್ ಹಾಕುವ ಐಎಸ್ 1255 ಮಾನದಂಡದ ಪ್ರಕಾರ ಮನೆ, ಅಂಗಡಿಗೆ ಬರೋ ಎಲ್‌ಟಿ ಕೇಬಲ್ ಕನಿಷ್ಠ 75 ಸೆಂಟಿಮೀಟರ್, ಅಂದ್ರೆ ಎರಡೂವರೆ ಅಡಿ ಆಳದಲ್ಲಿರಬೇಕು. 11 ಕೆವಿ ಕೇಬಲ್ 90 ಸೆಂಟಿಮೀಟರ್, ಸುಮಾರು ಮೂರಡಿ. ಬಿಎಸ್‌ಎನ್‌ಎಲ್ ಫೈಬರ್‌ಗೆ ಸಾಮಾನ್ಯ ಮಣ್ಣಿನಲ್ಲಿ 1.65 ಮೀಟರ್, ಐದೂವರೆ ಅಡಿ ಹತ್ತಿರ. ಬೀದಿಯ ಗ್ಯಾಸ್ ಪೈಪ್ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸು. ಮನೆ ನಳದ ಪೈಪ್ ಮಾತ್ರ ಒಂದಡಿ, ಒಂದೂವರೆ ಅಡಿಗೇ ಸಿಕ್ಕಿಬಿಡುತ್ತೆ.

ಈ ಲೆಕ್ಕ ನಂಬಿಕೊಂಡು ಅಗೆಯೋ ಹಾಗಿಲ್ಲ. ಕೆಳಗೆ ಬಂಡೆ ಸಿಕ್ಕಿದ್ದರೆ ಮೇಲೇ ಹಾಕಿರ್ತಾರೆ. ಕೇಬಲ್ ಹಾಕಿದ ಮೇಲೆ ರಸ್ತೆ ತಗ್ಗಿಸಿದ್ದರೆ, ಚರಂಡಿ ತೆಗೆದಿದ್ದರೆ ಮೂರಡಿ ಇದ್ದದ್ದು ಒಂದಡಿಗೆ ಬಂದಿರುತ್ತೆ. "ಎರಡಡಿ ತಾನೆ, ಏನೂ ಸಿಗಲ್ಲ ಬಿಡಿ" ಅನ್ನೋ ಮಾತಿಗೆ ಬೆಲೆ ಇಲ್ಲ. ಗಣಪತಿ ಪೆಂಡಾಲಿಗೆ, ಶಾಮಿಯಾನಕ್ಕೆ ಹೊಡೆಯೋ ಕಬ್ಬಿಣದ ಗೂಟಕ್ಕೂ ಇದೇ ಮಾತು.

ಮೊದಲ ಹೆಜ್ಜೆ: ಆ್ಯಪ್

ಕೇಂದ್ರ ದೂರಸಂಪರ್ಕ ಇಲಾಖೆಯ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ 2023ರ ಮಾರ್ಚ್ 22ರಂದು ಬಿಡುಗಡೆಯಾಗಿದೆ. ಚಿಕ್ಕ ಹೆಸರು ಸಿಬಿಯುಡಿ. ಯಾರನ್ನೂ ಕೇಳದೆ ಅಗೆಯೋದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಆಗ್ತಿದೆ ಅಂತ ಸರ್ಕಾರ ಆಗ ಹೇಳಿತ್ತು.

ಬಳಸೋದು ಕಷ್ಟ ಇಲ್ಲ. ಮೊಬೈಲ್ ನಂಬರ್, ಒಟಿಪಿ ಹಾಕಿ ನೋಂದಣಿ ಮಾಡಿಕೊಳ್ಳಬೇಕು. ಮ್ಯಾಪ್‌ನಲ್ಲಿ ಅಗೆಯೋ ಜಾಗ ತೋರಿಸಬೇಕು. ಯಾವ ದಿನ, ಯಾವ ಕೆಲಸ ಅಂತ ತುಂಬಿ ಕಳಿಸಬೇಕು. ಆ ಜಾಗದಲ್ಲಿ ಲೈನ್ ಇದೆ ಅಂತ ಆ್ಯಪ್‌ನಲ್ಲಿ ದಾಖಲಾದ ಕಂಪನಿ, ಇಲಾಖೆಗಳಿಗೆ ಎಸ್‌ಎಂಎಸ್, ಇಮೇಲ್ ಹೋಗುತ್ತೆ. ಅವರ ಜೊತೆ ನೇರವಾಗಿ ಫೋನ್‌ನಲ್ಲಿ ಮಾತಾಡೋ ಸೌಲಭ್ಯವೂ ಅದರಲ್ಲೇ ಇದೆ.

ಟೆಲಿಕಾಂ ಕೇಬಲ್‌ಗೆ ಧಕ್ಕೆ ಆಗಬಹುದಾದ ಕಡೆ ಅಗೆಯೋರು ಮುಂಚೆಯೇ ಪೋರ್ಟಲ್ ಮೂಲಕ ತಿಳಿಸಬೇಕು, ಹಾನಿ ಮಾಡಿದರೆ ಪರಿಹಾರ ಕಟ್ಟಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಯಮವನ್ನೂ ಪ್ರಕಟಿಸಿತ್ತು. ಆ್ಯಪ್‌ನಲ್ಲಿ ಕೇಳಿದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾಳೆ ತಕರಾರು ಬಂದರೆ "ನಾವು ಕೇಳಿದ್ವಿ" ಅನ್ನೋಕೆ ದಾಖಲೆ ಅದೇ.

ಆ್ಯಪ್ ಒಂದೇ ಸಾಲದು

ಅಮೆರಿಕದಲ್ಲಿ 811 ನಂಬರಿಗೆ ಫೋನ್ ಮಾಡಿದರೆ ಲೈನ್‌ಗಳ ಕಡೆಯವರು ಬಂದು ನೆಲದ ಮೇಲೆ ಬಣ್ಣದ ಗೆರೆ ಎಳೆದು ಹೋಗ್ತಾರೆ. ನಮ್ಮಲ್ಲಿ ಆ್ಯಪ್‌ನಿಂದ ಹೋಗೋದು ವಿಚಾರಣೆ ಮಾತ್ರ. ಜಾಗಕ್ಕೆ ಆಳು ಬರಬೇಕಾದರೆ ನಾವೇ ಹಿಂದೆ ಬೀಳಬೇಕು. ಹಳೇ ನೀರಿನ ಪೈಪು, ಯುಜಿಡಿ ಲೈನ್‌ಗಳೆಲ್ಲ ಮ್ಯಾಪ್‌ನಲ್ಲಿ ಇದ್ದೇ ಇರುತ್ತೆ ಅನ್ನೋ ಖಾತ್ರಿಯೂ ಇಲ್ಲ. ಆ್ಯಪ್‌ನಲ್ಲಿ "ಏನೂ ಇಲ್ಲ" ಅಂತ ಬಂದರೂ ಇವರನ್ನ ಕೇಳಲೇಬೇಕು:

• ವಿದ್ಯುತ್: ನಿಮ್ಮ ಭಾಗದ ಬೆಸ್ಕಾಂ ಸೆಕ್ಷನ್ ಆಫೀಸ್. ಕರೆಂಟ್ ಬಿಲ್ ಮೇಲೆ ಉಪವಿಭಾಗದ ಹೆಸರು ಇರುತ್ತೆ. ಯಾವ ಆಫೀಸ್ ಅಂತ ಗೊತ್ತಾಗದಿದ್ದರೆ 1912.

• ನೀರು, ಯುಜಿಡಿ: ದಾವಣಗೆರೆಯಲ್ಲಿ ಪಾಲಿಕೆ, ಹರಿಹರದಲ್ಲಿ ನಗರಸಭೆ, ಉಳಿದ ಪಟ್ಟಣಗಳಲ್ಲಿ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ನೀರು ಸರಬರಾಜು ವಿಭಾಗ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಪಟ್ಟಣದಲ್ಲಿ ವಾಲ್ವ್‌ಮ್ಯಾನ್, ಹಳ್ಳಿಯಲ್ಲಿ ನೀರುಗಂಟಿಯನ್ನ ಜಾಗಕ್ಕೆ ಕರ್ಕೊಂಡು ಬನ್ನಿ. ಕಾಗದದಲ್ಲಿ ಇಲ್ಲದ ಎಷ್ಟೋ ಪೈಪಿನ ದಾರಿ ಅವರ ತಲೆಯಲ್ಲಿದೆ.

• ಫೈಬರ್: ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜ್. ಖಾಸಗಿ ಕಂಪನಿಯವರ ನಂಬರ್ ರಸ್ತೆ ಬದಿ ನೆಟ್ಟ ಗುರುತಿನ ಕಲ್ಲು, ಫಲಕದ ಮೇಲೆ ಇರುತ್ತೆ.

• ಗ್ಯಾಸ್: ಬೀದಿಯಲ್ಲಿ ಗ್ಯಾಸ್ ಪೈಪ್ ಇದ್ದರೆ ಎಚ್ಚರಿಕೆ ಫಲಕದ ಮೇಲೆ ಕಂಪನಿಯ ತುರ್ತು ನಂಬರ್ ಬರೆದಿರುತ್ತೆ. ಫಲಕ ಕಾಣದಿದ್ದರೆ ಕನೆಕ್ಷನ್ ತಗೊಂಡ ಅಕ್ಕಪಕ್ಕದ ಮನೆಯವರ ಬಿಲ್ ನೋಡಿ.

ರಸ್ತೆ ಸರ್ಕಾರದ್ದಾದರೆ ಅಗೆಯೋಕೆ ಅನುಮತಿಯೂ ಬೇಕು. ಊರೊಳಗಿನ ರಸ್ತೆಗೆ ಸ್ಥಳೀಯ ಸಂಸ್ಥೆ, ರಾಜ್ಯ ಹೆದ್ದಾರಿಗೆ ಲೋಕೋಪಯೋಗಿ ಇಲಾಖೆ, ರಾಷ್ಟ್ರೀಯ ಹೆದ್ದಾರಿಗೆ ಹೆದ್ದಾರಿ ಪ್ರಾಧಿಕಾರ. ಆದರೆ ಅನುಮತಿ ಬೇರೆ, ಗುರುತು ಬೇರೆ. ರೋಡ್ ಕಟಿಂಗ್ ರಸೀದಿ ಕೈಯಲ್ಲಿದ್ದ ಮಾತ್ರಕ್ಕೆ ಕೆಳಗೆ ಕೇಬಲ್ ಇಲ್ಲ ಅಂತ ಅರ್ಥ ಅಲ್ಲ.

ಅರ್ಜಿ ಹೇಗೆ ಬರೀಬೇಕು?

ಬಾಯಿಮಾತಲ್ಲಿ ಕೇಳಿದರೆ "ನಾಳೆ ಬರ್ತೀವಿ" ಅಂತಾರೆ, ಮರೀತಾರೆ. ಅರ್ಧ ಪುಟದ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಕೆಲಸಕ್ಕೆ ಕನಿಷ್ಠ ಒಂದು ವಾರ ಮೊದಲು ಕೊಟ್ಟರೆ ಒಳ್ಳೇದು. ಮಾದರಿ ಹೀಗಿರಲಿ:

"ಮಾನ್ಯರೇ, ... ವಾರ್ಡ್, ... ರಸ್ತೆಯಲ್ಲಿರುವ ನನ್ನ ಅಂಗಡಿಯ ಮುಂಭಾಗದಲ್ಲಿ ... ಕೆಲಸಕ್ಕಾಗಿ ದಿನಾಂಕ ... ರಂದು ... ಅಡಿ ಉದ್ದ, ... ಅಡಿ ಆಳ ನೆಲ ಅಗೆಯಬೇಕಾಗಿದೆ. ಸದರಿ ಜಾಗದಲ್ಲಿ ತಮ್ಮ ಇಲಾಖೆಯ ಕೇಬಲ್ ಅಥವಾ ಪೈಪ್‌ಲೈನ್ ಹಾದುಹೋಗಿದ್ದಲ್ಲಿ ಸಿಬ್ಬಂದಿ ಕಳುಹಿಸಿ ಸ್ಥಳದಲ್ಲಿ ಗುರುತು ಮಾಡಿಕೊಡಬೇಕೆಂದು, ಇಲ್ಲದಿದ್ದಲ್ಲಿ ಹಾಗೆಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಹೆಸರು, ಫೋನ್ ನಂಬರ್, ಎದುರಿನ ಕಂಬದ ನಂಬರ್, ಹತ್ತಿರದ ದೇವಸ್ಥಾನ ಅಥವಾ ಶಾಲೆಯ ಗುರುತು ಹಾಕಿ. ಜಾಗದ ಒಂದು ಫೋಟೋ ಅಂಟಿಸಿದರೆ ಇನ್ನೂ ಸಲೀಸು.

ಗುರುತು ಹಾಕೋಕೆ ಬಂದಾಗ

ಅವರು ಬರೋಕೆ ಮುಂಚೆ ನೀವು ಅಗೆಯೋ ಜಾಗಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿಡಿ. "ಇಲ್ಲೆಲ್ಲೋ ಹೋಗಿದೆ" ಅಂತ ಕೈ ತೋರಿಸಿ ಹೊರಟರೆ ಬಿಡಬೇಡಿ. ಪೇಂಟ್ ಅಥವಾ ಗೂಟದಲ್ಲಿ ಗುರುತು ಹಾಕಿಸಿ, ಯಾವ ಗೆರೆ ಯಾವ ಲೈನಿನದು, ಅಂದಾಜು ಆಳ ಎಷ್ಟು ಅಂತ ಕೇಳಿ ಬರ್ಕೊಳ್ಳಿ. ಗೋಡೆ ಅಥವಾ ಕಂಬದಿಂದ ಎಷ್ಟು ಅಡಿ ದೂರ ಅಂತ ಅಳತೆ ಹಿಡಿದು ಫೋಟೋ ತೆಗೀರಿ. ಮಳೆ ಬಂದು ಗುರುತು ಅಳಿಸಿಹೋದರೆ ಅಳತೆ ಉಳಿದಿರುತ್ತೆ.

ಒಂದು ವಿಷಯ ನೆನಪಿರಲಿ. ಮೀಟರ್‌ನಿಂದ ಈಚೆಗೆ ನಿಮ್ಮ ಕಾಂಪೌಂಡ್ ಒಳಗೆ ನೀವೇ ಹಾಕಿಸಿದ ಬೋರ್‌ವೆಲ್ ಮೋಟರ್ ಕೇಬಲ್, ಗೇಟ್ ಲೈಟಿನ ವೈರ್, ಟ್ಯಾಂಕಿನ ಪೈಪ್ ಯಾವ ಇಲಾಖೆ ನಕ್ಷೆಯಲ್ಲೂ ಇರಲ್ಲ. ಅದನ್ನ ನಿಮ್ಮ ಹಳೇ ಎಲೆಕ್ಟ್ರಿಷಿಯನ್, ಪ್ಲಂಬರ್‌ನ ಕೇಳಬೇಕು.

ಅಗೆಯೋ ದಿನ

ಗುರುತಿನ ಎರಡೂ ಬದಿ ಮೂರಡಿ ಒಳಗೆ ಬಕೆಟ್ ಹಾಕಿಸಬೇಡಿ. ಅಲ್ಲಿ ಸಲಿಕೆಯಲ್ಲಿ ಮೆಲ್ಲಗೆ ಮಣ್ಣು ತೆಗೆದು ಲೈನ್ ಕಣ್ಣಿಗೆ ಕಾಣೋ ಹಾಗೆ ಮಾಡಿ. ಹಾರೆ, ಪಿಕಾಸಿ ಜೋರಾಗಿ ಹೊಡೀಬಾರದು. ಅಗೆಯುವಾಗ ಎಚ್ಚರಿಕೆ ಬರೆದ ಪ್ಲಾಸ್ಟಿಕ್ ಪಟ್ಟಿ, ಸಾಲಾಗಿ ಜೋಡಿಸಿದ ಇಟ್ಟಿಗೆ ಅಥವಾ ಸುತ್ತಲಿನ ಮಣ್ಣಿಗೆ ಹೊಂದದ ಮರಳು ಕಂಡರೆ ಅಲ್ಲೇ ನಿಲ್ಲಿಸಿ. ಕೇಬಲ್ ಸುತ್ತ ಮರಳು ತುಂಬಿ, ಮೇಲೆ ಇಟ್ಟಿಗೆ ಮುಚ್ಚೋದು ಹಳೇ ಪದ್ಧತಿ.

ಜೆಸಿಬಿ ಬಾಡಿಗೆ ಗಂಟೆ ಲೆಕ್ಕ. ಆ ಆತುರಕ್ಕೇ ಹೆಚ್ಚಿನ ಅನಾಹುತ ಆಗೋದು. ಹಾಗಾಗಿ ಕೈಯಲ್ಲಿ ತೆಗೆಯೋ ಕೆಲಸ ಮುಗಿಸಿಕೊಂಡ ಮೇಲೇ ಗಾಡಿ ಕರೆಸಿ. ಆಪರೇಟರ್‌ಗೆ ಗುರುತು ತೋರಿಸದೆ ಕೀಲಿ ತಿರುಗಿಸೋಕೆ ಬಿಡಬೇಡಿ.

ಹೊಲದಲ್ಲಿ ಗ್ಯಾಸ್ ಪೈಪ್‌ಲೈನ್ ಇದ್ದರೆ

ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಹೋಗೋ ಗೇಲ್ ಅನಿಲ ಕೊಳವೆ ನಮ್ಮ ಜಿಲ್ಲೆಯ ಮೂಲಕವೂ ಹಾದಿದೆ. ಇಂಥ ಪೈಪ್‌ಲೈನ್ ಹಾದ ಹೊಲದಲ್ಲಿ ಬೆಳೆ ಬೆಳೀಬಹುದು, ಜಮೀನು ರೈತರದ್ದೇ. ಆದರೆ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆ ಪ್ರಕಾರ ಕೊಳವೆಗಾಗಿ ಗುರುತಿಸಿದ ಪಟ್ಟಿಯಲ್ಲಿ ಕಟ್ಟಡ ಕಟ್ಟೋದು, ಬಾವಿ ಅಥವಾ ಕೆರೆ ತೋಡೋದು, ಗಿಡ ಮರ ನೆಡೋದು ನಿಷಿದ್ಧ. ಕೊಳವೆಗೆ ಬೇಕಂತ ಹಾನಿ ಮಾಡಿದರೆ ಜೈಲು ಶಿಕ್ಷೆ ಇದೆ. ಬೋರ್ ಕೊರೆಸೋದು, ಕೃಷಿ ಹೊಂಡ, ಬದು ಹಾಕೋದು ಏನೇ ಇದ್ದರೂ ಹೊಲದಂಚಿನ ಫಲಕದಲ್ಲಿರೋ ನಂಬರಿಗೆ ಮೊದಲು ಹೇಳಿ. ಪಹಣಿ ಜೊತೆ ಹಳೇ ನೋಟಿಸ್ ಪ್ರತಿ ಇದ್ದರೆ ಪಟ್ಟಿಯ ಅಗಲ ಅದರಲ್ಲಿ ಸಿಗುತ್ತೆ. ಹೊಲ ಹೊಸದಾಗಿ ಕೊಂಡವರು, ಗುತ್ತಿಗೆಗೆ ಹಿಡಿದವರು ಇದನ್ನ ಕೇಳಿಯೇ ಮುಂದುವರೀಬೇಕು.

ಏಟು ಬಿದ್ದೇಬಿಟ್ಟರೆ

ವಿದ್ಯುತ್ ಕೇಬಲ್: ಎಲ್ಲರೂ ದೂರ ಸರೀಬೇಕು. ಗಾಡಿ ಮುಟ್ಟಬಾರದು. ಬೆಂಕಿ ಹತ್ತದಿದ್ದರೆ ಆಪರೇಟರ್ ಕರೆಂಟ್ ತೆಗೆಯೋ ತನಕ ಸೀಟಲ್ಲೇ ಕೂತಿರಬೇಕು. ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಹೊರಕ್ಕೆ ಹಾರಬೇಕು. ಗಾಡಿ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟಬಾರದು. ಆಮೇಲೆ ಕಾಲೆತ್ತದೆ ಸಣ್ಣ ಸಣ್ಣದಾಗಿ ಜಾರಿಸಿಕೊಂಡು ದೂರ ಹೋಗಬೇಕು. 1912ಕ್ಕೆ ತಿಳಿಸಿ.

ಗ್ಯಾಸ್: ಬೀಡಿ, ಸ್ವಿಚ್ಚು, ಗಾಡಿ ಸ್ಟಾರ್ಟ್ ಮಾಡೋದು, ಅಲ್ಲೇ ನಿಂತು ಮೊಬೈಲ್ ಒತ್ತೋದು ಯಾವುದೂ ಬೇಡ. ಪೈಪ್ ಮಡಚೋಕೆ, ಮಣ್ಣು ಮುಚ್ಚೋಕೆ ಹೋಗಬೇಡಿ. ಗಾಳಿ ಬೀಸೋ ಕಡೆಗೆ ಎದುರಾಗಿ ದೂರ ಹೋಗಿ, ಅಕ್ಕಪಕ್ಕದವರನ್ನ ಹೊರಡಿಸಿ. ದೂರದಿಂದ 112ಕ್ಕೆ, ಫಲಕದಲ್ಲಿರೋ ತುರ್ತು ನಂಬರಿಗೆ ಫೋನ್ ಮಾಡಿ.

ನೀರು: ಸೈಕಲ್ ಟ್ಯೂಬ್ ಸುತ್ತಿ ಮಣ್ಣೆಳೆಯೋದು ಎಲ್ಲ ಕಡೆ ನಡೆಯುತ್ತೆ. ಅದು ಅಪಾಯ. ನೀರು ಬಿಡದ ಹೊತ್ತಲ್ಲಿ ಪೈಪ್ ಖಾಲಿಯಾಗಿ, ಸುತ್ತಲಿನ ಕೊಳೆನೀರು ಆ ಬಿರುಕಿನಿಂದ ಒಳಗೆ ಹೋಗುತ್ತೆ. ಮಾರನೇ ದಿನ ಇಡೀ ಓಣಿ ಕುಡಿಯೋದು ಅದನ್ನೇ. ವಾಲ್ವ್‌ಮ್ಯಾನ್‌ಗೆ ತಿಳಿಸಿ ಸರಿಯಾಗಿ ಜೋಡಿಸಿಸಿ.

ಫೈಬರ್: ತುಂಡಾದ ತುದಿಯನ್ನ ಕಣ್ಣಿಗೆ ಹತ್ತಿರ ಹಿಡಿದು ನೋಡಬೇಡಿ, ಒಳಗೆ ಕಣ್ಣಿಗೆ ಕಾಣದ ಲೇಸರ್ ಬೆಳಕು ಇರಬಹುದು. ತಡಮಾಡದೆ ಹೇಳಿ. ಹೇಳದಿದ್ದರೆ ಕೇಬಲ್ ಎಲ್ಲಿ ಕಟ್ ಆಗಿದೆ ಅಂತ ಹುಡುಕೋದರಲ್ಲೇ ಗಂಟೆಗಟ್ಟಲೆ ಹೋಗುತ್ತೆ. ಅಷ್ಟು ಹೊತ್ತೂ ಆ ಸಾಲಿನ ಅಂಗಡಿಗಳಲ್ಲಿ ಸ್ಕ್ಯಾನರ್ ಓಡಲ್ಲ, ಬ್ಯಾಂಕಿನಲ್ಲಿ "ಸರ್ವರ್ ಇಲ್ಲ".

ಬರೀ ಗೀರು ಬಿದ್ದರೂ ಮುಚ್ಚಿಡಬಾರದು. ಕೇಬಲ್ ಮೇಲಿನ ಗೀರಿನಿಂದ ತೇವ ಒಳಗಿಳಿದು ತಿಂಗಳುಗಳ ಮೇಲೆ ಕೆಡುತ್ತೆ, ಸ್ಟೀಲ್ ಪೈಪ್ ಅಲ್ಲಿಂದಲೇ ತುಕ್ಕು ಹಿಡಿಯುತ್ತೆ.

ಖರ್ಚು ಯಾರ ತಲೆ ಮೇಲೆ?

ಜಗಳ ಶುರುವಾಗೋದು ಇಲ್ಲೇ. ಅಂಗಡಿಯವರು ಜೆಸಿಬಿಯವರ ಕಡೆ, ಅವರು ಮೇಸ್ತ್ರಿ ಕಡೆ ಕೈ ತೋರಿಸ್ತಾರೆ. ಗುರುತು ಹಾಕಿಸೋದು ಯಾರ ಜವಾಬ್ದಾರಿ, ಹಾನಿಯಾದರೆ ಯಾರು ಕಟ್ಟಬೇಕು ಅಂತ ಕೆಲಸ ಒಪ್ಪಿಸುವಾಗಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸೀಲ್ ಬಿದ್ದ ಅರ್ಜಿ, ಆ್ಯಪ್‌ನ ಸ್ಕ್ರೀನ್‌ಶಾಟ್, ಗುರುತಿನ ಫೋಟೋ ಮೂರೂ ಇದ್ದವರ ಮಾತಿಗೆ ತೂಕ ಇರುತ್ತೆ.

ಚುಟುಕಾಗಿ

1. ಒಂದು ವಾರ ಮೊದಲು ಆ್ಯಪ್‌ನಲ್ಲಿ ವಿಚಾರಣೆ, ಇಲಾಖೆಗಳಿಗೆ ಅರ್ಜಿ.
2. ವಿದ್ಯುತ್, ನೀರು ಮತ್ತು ಯುಜಿಡಿ, ಫೈಬರ್, ಗ್ಯಾಸ್: ನಾಲ್ಕೂ ಕಡೆಯಿಂದ ಉತ್ತರ.
3. ನೆಲದ ಮೇಲೆ ಗುರುತು, ಅಳತೆ, ಫೋಟೋ.
4. ಗುರುತಿನ ಹತ್ತಿರ ಕೈ ಕೆಲಸ, ಆಮೇಲೆ ಜೆಸಿಬಿ.
5. ಏಟು ಬಿದ್ದರೆ ನಿಲ್ಲಿಸಿ, ದೂರ ಸರಿದು, ಫೋನ್ ಮಾಡಿ. ವಿದ್ಯುತ್ 1912, ತುರ್ತು 112.