ಸಟ್ಟುಗ ಕೈಬದಲಾಗುವ ಬೀದಿ

ಉಡುಪಿಯ ರಥಬೀದಿಗೆ ಒಂದು ಸುತ್ತು ಬರಲು ಹೆಚ್ಚು ಹೊತ್ತು ಬೇಡ. ಚಂದ್ರಮೌಳೀಶ್ವರ, ಅನಂತೇಶ್ವರ ಎಂಬ ಎರಡು ಹಳೆಯ ಗುಡಿಗಳನ್ನು ಬಳಸಿಕೊಂಡು ಅದು ಹೊರಟಲ್ಲಿಗೇ ಬಂದು ಸೇರುತ್ತದೆ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸುವ ಮೊದಲೇ ಈ ಗುಡಿಗಳಿದ್ದವು. ಇವೆರಡಕ್ಕೂ ಕೈಮುಗಿದು ಆಮೇಲೆ ಕೃಷ್ಣನಲ್ಲಿಗೆ ಹೋಗುವುದು ಇಲ್ಲಿನ ರೂಢಿ.

ಸುತ್ತಲೂ ಎಂಟು ಮಠಗಳು: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ. ಹೆಚ್ಚಿನವು ಊರಿನ ಹೆಸರುಗಳೇ. ಮೂಲಮಠ ಹಳ್ಳಿಯಲ್ಲಿ, ಪೇಟೆಯಲ್ಲೊಂದು ಮನೆ ಎಂಬಂತೆ. ಯಾತ್ರೆಗೆ ಬಂದವರು ಹೆಬ್ಬಾಗಿಲು, ಕಂಬಗಳನ್ನು ನೋಡಿ ಮುಂದೆ ಹೋಗುತ್ತಾರೆ. ಮನೆ ನಡೆಸಿದ ಹೆಂಗಸು ಮಾತ್ರ ಇಷ್ಟು ಜನಕ್ಕೆ ಅಡುಗೆ ಎಲ್ಲಿ, ಉಗ್ರಾಣ ಎಲ್ಲಿ ಎಂದು ಕೇಳದೆ ಇರಲಾರಳು. ಈ ಬೀದಿಯ ಚರಿತ್ರೆ ಇರುವುದೂ ಅಲ್ಲಿಯೇ.

ಕೃಷ್ಣನ ಪೂಜೆಯ ಹೊಣೆ ಮೊದಲು ಎರಡೆರಡು ತಿಂಗಳಿಗೆ ಮಠದಿಂದ ಮಠಕ್ಕೆ ಹೋಗುತ್ತಿತ್ತು. ವಾದಿರಾಜರು ಅದನ್ನು ಎರಡು ವರ್ಷಕ್ಕೆ ಏರಿಸಿದರು; 1522 ಅದರ ಆರಂಭವೆಂದು ಎಣಿಕೆ. ಎರಡು ತಿಂಗಳಾದರೆ ಹೇಗೋ ಹೊಂದಿಸಿಕೊಳ್ಳಬಹುದು. ಎರಡು ವರ್ಷ ಬಂದವರಿಗೆಲ್ಲ ಬಡಿಸುವುದೆಂದರೆ ಮುಂಚಿನಿಂದಲೇ ಸಿದ್ಧತೆ ಬೇಕು. ಅದಕ್ಕೇ ಒಂದರ ಹಿಂದೆ ಒಂದು ಮುಹೂರ್ತ: ಮೊದಲು ಬಾಳೆ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ. ಬಾಳೆ ನೆಟ್ಟು ಅದು ಎಲೆ ಬಿಡಬೇಕಲ್ಲ! ಕಟ್ಟಿಗೆಯನ್ನೂ ಮಧ್ವಸರೋವರದ ಬಳಿ ತೇರಿನ ಆಕಾರಕ್ಕೆ ಒಟ್ಟುತ್ತಾರೆ.

ಒಂದು ಮಠದ ಸರದಿ ಬರುವುದು 16 ವರ್ಷಕ್ಕೊಮ್ಮೆ. ಜನವರಿ 18ರ ಬೆಳಗಿನ ಜಾವ ಹೊಸ ಸ್ವಾಮಿಗಳ ಕೈಗೆ ಬರುವುದೇನು? ಅಕ್ಷಯಪಾತ್ರೆ, ಸಟ್ಟುಗ ಮತ್ತು ಕೀಲಿಕೈ. ನಮ್ಮ ಮನೆಗಳಲ್ಲಿ ಅತ್ತೆ ಸೊಸೆಗೆ ಯಜಮಾನಿಕೆ ಬಿಟ್ಟುಕೊಡುವುದೂ ಸಟ್ಟುಗ, ಬೀಗದ ಕೈಗಳಿಂದಲೇ ಅಲ್ಲವೇ? ಆದರೆ ಮಠದ ಅಡುಗೆಮನೆ ಗಂಡಸರದು. ಅಲ್ಲಿ ಸಟ್ಟುಗ ಕೈಬದಲಾದರೆ ಊರಿಗೆ ಊರೇ ಮೆರವಣಿಗೆ. ನಮ್ಮಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ.

ಆ ಅನ್ನಕ್ಕೆ ಅಕ್ಕಿ ಬಂದ ದಾರಿಯೂ ಚರಿತ್ರೆಯೇ. ಮಠಗಳ ಗದ್ದೆಗಳನ್ನು ಒಕ್ಕಲುಗಳು ಉಳುತ್ತಿದ್ದರು. ಗೇಣಿ ಅಕ್ಕಿ ಮಠಕ್ಕೆ ಬರುತ್ತಿತ್ತು. 1974ರ ಭೂಸುಧಾರಣೆಯಲ್ಲಿ ಗದ್ದೆ ಉಳುವವರದಾಯಿತು. ಎಷ್ಟೋ ಒಕ್ಕಲು ಮನೆಗಳಲ್ಲಿ ಹೆಂಗಸರು ತಮ್ಮದೇ ಗದ್ದೆಯ ಅಕ್ಕಿಯನ್ನು ತಮ್ಮದೇ ಒಲೆಗೆ ಇಟ್ಟರು. ಇಂದು ಪರ್ಯಾಯದ ಹೊತ್ತಿಗೆ ಊರೂರುಗಳಿಂದ ಹೊರೆಕಾಣಿಕೆ ಬರುತ್ತದೆ: ಅಕ್ಕಿ, ತೆಂಗಿನಕಾಯಿ, ತರಕಾರಿ. ಗೇಣಿ ಅಳೆಯಲೇಬೇಕಿತ್ತು, ಕಾಣಿಕೆ ಮನಸ್ಸಿದ್ದರೆ ಕೊಡುವುದು. ಆ ಹೊರೆಯ ಹಿಂದೆ ಹಿತ್ತಿಲಲ್ಲಿ ಬಸಳೆ, ಬದನೆ ಬೆಳೆಸಿದ ಕೈಗಳೂ ಇವೆ.

ಹಳೆಯ ಕಟ್ಟಡಗಳನ್ನು ಉಳಿಸಬೇಕೆಂಬ ಮಾತು ಬಂದಾಗ ಕೆತ್ತನೆಯ ಕಂಬ, ಬಾಗಿಲುಗಳು ಎಲ್ಲರಿಗೂ ನೆನಪಾಗುತ್ತವೆ. ಮಸಿ ಹಿಡಿದ ಅಡುಗೆಮನೆಯನ್ನು, ಕತ್ತಲೆಯ ಉಗ್ರಾಣವನ್ನು ಕೆಡವಿದರೆ ಯಾರಿಗೂ ನೋವಾಗುವುದಿಲ್ಲ. ನಾವಾದರೂ ಅವುಗಳ ಪರವಾಗಿ ಮಾತಾಡಬೇಕು. ಅಡುಗೆಯೂ ಚರಿತ್ರೆಯೆಂದು ಒಪ್ಪಿಕೊಂಡ ಬೀದಿಗಳು ಎಷ್ಟಿವೆ ಹೇಳಿ?