ಎಡೆದೊರೆ ನಾಡಿನಲ್ಲಿ ಕ್ರಿಸ್ಮಸ್

ಕೃಷ್ಣಾ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿಗೆ ಕ್ರಿಸ್ಮಸ್ ಬಂದದ್ದು ಬ್ರಿಟಿಷರ ಬೆನ್ನು ಹತ್ತಿ ಅಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ 16ನೇ ಶತಮಾನದಲ್ಲೇ, ವಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿ, ಗೋವೆಯ ಜೆಸ್ವಿಟ್ ಪಾದ್ರಿಗಳು ಕ್ಯಾಥೊಲಿಕ್ ಸಭೆಯೊಂದನ್ನು ನೆಲೆಗೊಳಿಸಿದರು. ಅಲ್ಲಿನ ಚರ್ಚಿನ ಹುಟ್ಟನ್ನು 1557ರ ಸುಮಾರಿಗೆ ಹೇಳುವುದು ರೂಢಿ. 1561ರಲ್ಲಿ ಜೆಸ್ವಿಟ್ ಪಾದ್ರಿ ಗೊನ್ಸಾಲೊ ರೊಡ್ರಿಗಸ್ ವಿಜಾಪುರದ ಆಸ್ಥಾನಕ್ಕೂ ಹೋಗಿದ್ದ. ಅಲ್ಲಿನ ಅರಸ ಮೊದಲನೆಯ ಅಲಿ ಆದಿಲ್‌ಶಾಹನಿಗೆ ಅನ್ಯಧರ್ಮಗಳ ಪಂಡಿತರ ಮಾತು ಕೇಳುವ ಕುತೂಹಲವಿತ್ತು.

ಹಬ್ಬ ಬಂದಿಳಿದ ನೆಲ ಎಂಥದೆಂಬುದನ್ನು ಗಮನಿಸಬೇಕು. ಎರೆಮಣ್ಣಿನ ಈ ಸೀಮೆಗಾಗಿ ವಿಜಯನಗರ ಮತ್ತು ಬಹಮನಿ ಅರಸರು, ಅನಂತರ ಆದಿಲ್‌ಶಾಹಿಗಳು, ಇನ್ನೂರು ವರ್ಷ ಕಾದಾಡಿದರು. ಮುದಗಲ್ ಮತ್ತು ರಾಯಚೂರಿನ ಕೋಟೆಗಳು ಮತ್ತೆ ಮತ್ತೆ ಕೈ ಬದಲಿಸಿದವು. 1520ರ ರಾಯಚೂರು ಕದನದಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ತೊವಾವೊ ದ ಫಿಗೈರೆದೊನ ಪೋರ್ಚುಗೀಸ್ ಬಂದೂಕುಗಾರರು ಹೋರಾಡಿದ್ದರು. ಅಂದರೆ ಪಾದ್ರಿಗಳಿಗಿಂತ ಮೊದಲು ಇಲ್ಲಿಗೆ ಬಂದ ಕ್ರೈಸ್ತರಲ್ಲಿ ಬಂದೂಕು ಹಿಡಿದವರಿದ್ದರು. ಒಂದು ತಲೆಮಾರು ಕಳೆದ ಮೇಲೆ ಅದೇ ಗೋವೆಯ ದಾರಿಯಿಂದ ಬಂದವರು ಶಿಲುಬೆ ಹಿಡಿದ ಪಾದ್ರಿಗಳು.

ಪಾದ್ರಿಗಳು ತಂದ ಹಬ್ಬದ ಕಥೆ ಲೂಕನ ಸುವಾರ್ತೆಯದು. ಜನಗಣತಿಗೆ ಹೆಸರು ಬರೆಸಲು ಹೊರಟ ಬಡ ದಂಪತಿಗೆ ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗುವುದಿಲ್ಲ. ಹುಟ್ಟಿದ ಕೂಸನ್ನು ದನಗಳ ಗೋದಲಿಯಲ್ಲಿ ಮಲಗಿಸುತ್ತಾರೆ. ದೇವರೇ ಮನುಷ್ಯನಾಗಿ, ಅದೂ ಬಡವನಾಗಿ ಹುಟ್ಟಿದ ಎಂಬುದು ಕ್ರೈಸ್ತರ ನಂಬಿಕೆಯ ತಿರುಳು. ಈ ಸುದ್ದಿ ಮೊದಲು ಮುಟ್ಟುವುದು ಅರಮನೆಗಲ್ಲ, ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವ, ಚಳಿಗೆ ಕಂಬಳಿ ಹೊದ್ದು ಕುರುಬರು ಇರುಳೆಲ್ಲ ಕಾವಲಿರುವ ಸೀಮೆಯಲ್ಲಿ ಕಥೆಯ ಈ ಭಾಗಕ್ಕೆ ಟಿಪ್ಪಣಿ ಬೇಕಿಲ್ಲ. ಹಬ್ಬಕ್ಕೆ ಗೋದಲಿಯ ಬೊಂಬೆ ಜೋಡಿಸುವ ಪದ್ಧತಿಗೆ ಪ್ರಸಿದ್ಧ ಮೂಲ ಅಸ್ಸಿಸಿಯ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ನಿಜವಾದ ಎತ್ತು, ಕತ್ತೆ ಕಟ್ಟಿಸಿ ತೋರಿಸಿದ ದೃಶ್ಯ.

ಕಿರಿಯರಿಗೂ ದೊಡ್ಡದು ದಕ್ಕುತ್ತದೆ ಎಂಬ ಮಾತನ್ನು ಈ ನೆಲ ಪಾದ್ರಿಗಳು ಬರುವುದಕ್ಕೂ ಬಹಳ ಹಿಂದೆ ಕೇಳಿತ್ತು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯಲ್ಲಿ ಗುರುತಿಸಿದ ಅಶೋಕನ ಶಾಸನ, ಉನ್ನತ ಫಲ ದೊಡ್ಡವರ ಸ್ವತ್ತಷ್ಟೇ ಅಲ್ಲ, ಸಣ್ಣವನೂ ಧರ್ಮದಲ್ಲಿ ತೊಡಗಿದರೆ ಅದನ್ನು ಪಡೆಯಬಲ್ಲ ಎನ್ನುತ್ತದೆ. ಶಾಸನಕ್ಕೂ ಸುವಾರ್ತೆಗೂ ಸಂಬಂಧವೇನೂ ಇಲ್ಲ. ಆದರೂ ಮಸ್ಕಿಯಿಂದ ಮುದಗಲ್ಲಿಗೆ ಹೋಗುವವರಿಗೆ ನೆನಪಾಗದೆ ಇರದು.

ಜೆಸ್ವಿಟ್ ಸಂಘವನ್ನು 1759ರಲ್ಲಿ ಪೋರ್ಚುಗಲ್ ತನ್ನ ನಾಡುಗಳಿಂದ ಹೊರಹಾಕಿತು. 1773ರಲ್ಲಿ ಪೋಪರೇ ಅದನ್ನು ವಿಸರ್ಜಿಸಿದರು. ಮುದಗಲ್ಲಿನ ಸಭೆ ಮಾತ್ರ ಉಳಿದು, ನಿಜಾಮರ ಕಾಲವನ್ನೂ ದಾಟಿ, ಈಗ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಪೂಜೆಯ ಭಾಷೆ ಬಹುಕಾಲ ಲ್ಯಾಟಿನ್. 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಕ್ರಿಸ್ಮಸ್‌ನ ನಡುರಾತ್ರಿಯ ಬಲಿಪೂಜೆ ಕನ್ನಡಕ್ಕೆ ತಿರುಗಿತು. ಪ್ರಾಟೆಸ್ಟೆಂಟರು ಇದರಲ್ಲಿ ಮುಂದಿದ್ದರು: 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು, 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥ ಅಚ್ಚಾಗಿತ್ತು.

ಇಂದಿಗೂ ಬಳಕೆಯಲ್ಲಿರುವ ಹಳೆಯ ಕನ್ನಡ ಭಾಷಾಂತರದಲ್ಲಿ ದೇವದೂತರ ಸುದ್ದಿಯನ್ನು ಹೊತ್ತಿರುವ ಪದಗಳು ಎರಡು: ‘ಮಹಾಸಂತೋಷ’ ಮತ್ತು ‘ಸಮಾಧಾನ’. ಎರಡನೆಯದು ಒಳ್ಳೆಯ ಆಯ್ಕೆ. ಜಗಳ ನಿಂತರೆ ಶಾಂತಿ ಎನ್ನಬಹುದು; ಸಾವಿನ ಮನೆಯಲ್ಲಿ ಹೇಳುವುದು, ಅಳುವ ಮಗುವಿಗೆ ಮಾಡುವುದು ಸಮಾಧಾನ. ಹಬ್ಬದ ಸಂತೋಷ ಕಷ್ಟ ತೀರಿದ್ದರಿಂದ ಬಂದದ್ದಲ್ಲ, ಕಷ್ಟದಲ್ಲಿ ಜೊತೆಗೊಬ್ಬ ಬಂದ ಎಂಬುದರಿಂದ ಬಂದದ್ದು ಎಂಬ ಕ್ರೈಸ್ತ ಅರ್ಥ ಈ ಒಂದು ಪದದಲ್ಲಿ ಅಡಗಿದೆ.

ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆಯಲ್ಲಿ 1950ರ ದಶಕದಿಂದ ನೀರು ಹರಿದ ಮೇಲೆ ಇದೇ ನಾಡಿನ ಸಿಂಧನೂರು ಸೀಮೆ ಜೋಳ ಬಿಟ್ಟು ಭತ್ತಕ್ಕೆ ಒಲಿಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು. ಅವರೊಡನೆ ತೆಲುಗು ಬೈಬಲ್ ಕೂಡ ಈ ಕಡೆಗೆ ಬಂತು. ಅದರಲ್ಲಿಯೂ ದೂತರ ಮಾತಿಗೆ ಇರುವ ಪದ ‘ಸಮಾಧಾನಮು’. ಆದರೆ ತೆಲುಗಿನ ದಿನಬಳಕೆಯಲ್ಲಿ ಆ ಪದಕ್ಕೆ ಉತ್ತರ ಎಂದರ್ಥ.